ಗೋಪುರಕ್ಕಿಂತ ಮೊದಲು ದಕ್ಕೆ

ನವೆಂಬರ್ ಬಂತೆಂದರೆ ದುಬೈಯಲ್ಲಿರುವ ನಮ್ಮ ಸದಸ್ಯರ ಮನೆಗಳಿಗೆ ಊರಿನಿಂದ ಅತಿಥಿಗಳು ಬರತೊಡಗುತ್ತಾರೆ. ಸೆಖೆ ಇಳಿದಿರುತ್ತದೆ, ಮಕ್ಕಳ ಚಳಿಗಾಲದ ರಜೆಯೂ ಹತ್ತಿರವಾಗಿರುತ್ತದೆ. ತಂದೆತಾಯಿಯರ ಚೀಲಗಳಿಂದ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ಹೊರಬಿದ್ದ ಮರುದಿನವೇ ನಾವು ಅವರನ್ನು ಕರೆದುಕೊಂಡು ಹೊರಡುತ್ತೇವೆ. ದಾರಿ ಎಲ್ಲ ಮನೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ: 828 ಮೀಟರ್ ಎತ್ತರದ ಬುರ್ಜ್ ಖಲೀಫಾ, ಅದರ ಬುಡದಲ್ಲಿರುವ ದುಬೈ ಮಾಲ್, ಕುಣಿಯುವ ಕಾರಂಜಿ, ಖರ್ಜೂರದ ಮರದ ಆಕಾರದಲ್ಲಿ ಕಡಲಿಗೆ ಮರಳು ಸುರಿದು ಮಾಡಿದ ದ್ವೀಪ, ಹಾಯಿಯಂತೆ ಉಬ್ಬಿ ನಿಂತ ಬುರ್ಜ್ ಅಲ್ ಅರಬ್. ಸಂಜೆ ಮನೆಗೆ ಮರಳುವಾಗ ಅತಿಥಿಗಳು ಆಡುವ ಮಾತೂ ಒಂದೇ: ಎಣ್ಣೆಯ ದುಡ್ಡಿದ್ದರೆ ಮರಳುಗಾಡಿನಲ್ಲಿ ಏನು ಬೇಕಾದರೂ ಕಟ್ಟಬಹುದು. ಆ ಮಾತಿಗೆ ನಾವೂ ವರ್ಷಗಟ್ಟಲೆ ತಲೆಯಾಡಿಸುತ್ತ ಬಂದಿದ್ದೆವು.

ನಮ್ಮ ಈ ಕ್ರಮವನ್ನು ತಪ್ಪಿಸಿದವರು ಕುಂದಾಪುರದ ಕಡೆಯಿಂದ ಬಂದ ಒಬ್ಬ ಹಿರಿಯರು. ಮಗನ ಮನೆಯವರು ಕರೆಯುವಂತೆ ನಾವೂ ಅವರನ್ನು ಅಪ್ಪಯ್ಯ ಎಂದೇ ಕರೆಯುತ್ತಿದ್ದೆವು. ಬುರ್ಜ್ ಖಲೀಫಾದ 124ನೆಯ ಮಹಡಿಯಲ್ಲಿ ಗಾಜಿಗೆ ಹಣೆ ತಾಗಿಸಿ ಕೆಳಗೆ ನೋಡಿ, “ಚಂದ ಇತ್ತ್” ಎಂದಷ್ಟೇ ಹೇಳಿ ಸುಮ್ಮನಾದರು. ಮೂರನೆಯ ದಿನ ಯಾವುದೋ ಕೆಲಸಕ್ಕಾಗಿ ಅವರನ್ನು ದೇರಾದ ಹಳೆಯ ಪೇಟೆಗೆ ಕರೆದೊಯ್ಯಬೇಕಾಯಿತು. ಅಲ್ಲಿ ನೀರಿನಂಚಿನಲ್ಲಿ ಮರದ ಹಡಗುಗಳು ಸಾಲಾಗಿ ಒರಗಿ ನಿಂತಿದ್ದವು. ದಂಡೆಯ ಮೇಲೆ ಫ್ರಿಜ್ಜುಗಳು, ಟೈರುಗಳು, ಈರುಳ್ಳಿ ಮೂಟೆಗಳು, ಟೀ ಪೆಟ್ಟಿಗೆಗಳು. ಅಪ್ಪಯ್ಯ ನಿಂತುಬಿಟ್ಟರು. ಚಿಕ್ಕಂದಿನಲ್ಲಿ ಗಂಗೊಳ್ಳಿಯ ಬಂದರಿನಲ್ಲಿ ಹೆಂಚು ತುಂಬುವ ಮಂಜಿಗಳನ್ನು ನೋಡುತ್ತ ಬೆಳೆದವರು ಅವರು. “ಇದ್ ನಮ್ ದಕ್ಕಿ ಕಂಡಂಗೇ ಇತ್ತಲೆ! ಮೊದ್ಲೇ ಇಲ್ಲಿಗ್ ಕರ್ಕಂಡ್ ಬಪ್ಪುಕ್ ಆಯ್ತಿರ್ಲಿಲ್ಯಾ?” ಎಂದು ಮಗನನ್ನು ಗದರಿದರು. ಬಳಿಕ ಮೆಟ್ಟಿಲಿಳಿದು, ಬೆರಳನ್ನು ನೀರಿಗೆ ಅದ್ದಿ ನಾಲಗೆಗೆ ತಾಗಿಸಿ, ಇದು ಹೊಳೆಯಲ್ಲ ಎಂದು ತೀರ್ಮಾನ ಕೊಟ್ಟರು.

ಅಂದಿನಿಂದ ಊರಿನ ಅತಿಥಿಗಳನ್ನು ನಾವು ಮೊದಲು ಈ ದಂಡೆಗೆ ತರುತ್ತೇವೆ. ಇಲ್ಲಿ ನಿಂತು ಅವರಿಗೆ ಹೇಳುವ ಚರಿತ್ರೆಯನ್ನೇ ಈ ಬಾರಿ ಸದಸ್ಯರಿಗಾಗಿ ಬರೆದಿದ್ದೇವೆ.

ಅಪ್ಪಯ್ಯನವರ ತೀರ್ಮಾನ ಸರಿಯಾಗಿತ್ತು. ದುಬೈಗೆ ನದಿಯಿಲ್ಲ. ಸಮುದ್ರವೇ ನೆಲದೊಳಗೆ ಡೊಂಕಾಗಿ ನುಗ್ಗಿ, ಒಂದು ಬದಿಗೆ ದೇರಾ, ಇನ್ನೊಂದು ಬದಿಗೆ ಬರ್ ದುಬೈ ಎಂದು ಊರನ್ನು ಸೀಳಿದೆ. ಅರಬ್ಬಿಯಲ್ಲಿ ಇದಕ್ಕೆ ಖೋರ್ ಎಂದು ಹೆಸರು. ನೆರಳಿಲ್ಲದ, ಬಂಡೆಯಿಲ್ಲದ ಈ ಕರಾವಳಿಯಲ್ಲಿ ಹಡಗಿಗೆ ಗಾಳಿಯಿಂದ ಆಶ್ರಯ ಕೊಡುವ ಸ್ಥಳಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೊಂದು. 1580ರ ಸುಮಾರಿಗೆ ಈ ಭಾಗದಲ್ಲಿ ಸಂಚರಿಸಿದ ವೆನಿಸ್ಸಿನ ರತ್ನವ್ಯಾಪಾರಿ ಗಾಸ್ಪಾರೊ ಬಾಲ್ಬಿ ತನ್ನ ಬರಹದಲ್ಲಿ ಮುತ್ತು ಸಿಗುವ ಸ್ಥಳಗಳನ್ನು ಪಟ್ಟಿಮಾಡುವಾಗ ದುಬೈಯ ಹೆಸರನ್ನೂ ಸೇರಿಸಿದ್ದಾನೆ. ಖೋರಿನ ಬದಿಯ ಅಲ್ ಫಹೀದಿ ಕೋಟೆಯನ್ನು 1787ರಲ್ಲಿ ಕಟ್ಟಿದರೆಂದು ಹೇಳುತ್ತಾರೆ. ಹವಳದ ಕಲ್ಲಿನ ಈ ಪುಟ್ಟ ಕೋಟೆ ಈಗ ವಸ್ತುಸಂಗ್ರಹಾಲಯ. ನಮ್ಮ ಬೇಕಲ, ಮಿರ್ಜಾನ ಕೋಟೆಗಳನ್ನು ಕಂಡವರಿಗೆ ಇದು ಒಂದು ದೊಡ್ಡ ಮನೆಯಂತೆ ಕಾಣಬಹುದು. 1833ರಲ್ಲಿ ಬನಿ ಯಾಸ್ ಬುಡಕಟ್ಟಿನ ಅಲ್ ಬು ಫಲಾಸಾ ಶಾಖೆಯ ಸುಮಾರು 800 ಮಂದಿ ಅಬುಧಾಬಿಯ ಅರಸರೊಡನೆ ಮುನಿಸಿಕೊಂಡು ಹೊರಟು ಈ ಖೋರಿನ ಬಾಯಲ್ಲಿ ನೆಲೆಯೂರಿದರು. ಅವರ ನಾಯಕರಲ್ಲೊಬ್ಬರಾದ ಮಕ್ತೂಮ್ ಬಿನ್ ಬುತ್ತಿಯವರ ವಂಶವೇ ಇಂದಿಗೂ ದುಬೈಯನ್ನು ಆಳುತ್ತಿದೆ.

ಆ ಜನರ ಬದುಕು ನಿಂತಿದ್ದದ್ದು ಮುತ್ತಿನ ಮೇಲೆ. ಮುತ್ತು ಎಂದರೆ ನಮಗೆ ಸರದ ನೆನಪಾಗುತ್ತದೆ. ಅದರ ಹಿಂದಿನ ದುಡಿಮೆ ಹೇಗಿತ್ತೆಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಳುಗುವ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಕರಾವಳಿಯಲ್ಲಿ ಮಳೆಗಾಲವೆಂದು ದೋಣಿಗಳನ್ನು ದಡಕ್ಕೆಳೆದು ಮಡಲು ಹೊದಿಸಿಡುವ ಅದೇ ತಿಂಗಳುಗಳಲ್ಲಿ ಇಲ್ಲಿಯ ಗಂಡಸರೆಲ್ಲ ಕಡಲಿಗಿಳಿಯುತ್ತಿದ್ದರು. ಮುಳುಗುವವನು ಮೂಗಿಗೆ ಕೊಂಬಿನ ಚಿಮಟ ಸಿಕ್ಕಿಸಿ, ಕೊರಳಿಗೆ ಹಗ್ಗದ ಬುಟ್ಟಿ ತೂಗಿಸಿ, ಕಾಲಿಗೆ ಕಲ್ಲು ಕಟ್ಟಿಕೊಂಡು ತಳಕ್ಕೆ ಇಳಿಯುತ್ತಿದ್ದ. ಒಂದೇ ಉಸಿರಿನಲ್ಲಿ ಸಿಕ್ಕಷ್ಟು ಚಿಪ್ಪು ಬಾಚಿಕೊಂಡು ಹಗ್ಗ ಜಗ್ಗಿದರೆ ಮೇಲಿದ್ದ ಎಳೆಯುವವನು ಅವನನ್ನು ಎತ್ತಬೇಕು. ದಿನವೊಂದಕ್ಕೆ ಹತ್ತಾರು ಸಲ ಹೀಗೆ. ಹೊಟ್ಟೆಗೆ ಖರ್ಜೂರ, ಮೀನು, ತುಸು ಅನ್ನ. ಉಪ್ಪುನೀರಿನಿಂದ ಕಣ್ಣು, ನೀರಿನ ಒತ್ತಡದಿಂದ ಕಿವಿ ಕೆಡುತ್ತಿದ್ದವು. ಮುಳುಗುವವರಲ್ಲಿ ಎಲ್ಲರೂ ಸ್ವತಂತ್ರರೂ ಆಗಿರಲಿಲ್ಲ. ಪೂರ್ವ ಆಫ್ರಿಕಾದಿಂದಲೂ ಬಲೂಚಿಸ್ತಾನದಿಂದಲೂ ತಂದ ಗುಲಾಮರು ಈ ದೋಣಿಗಳಲ್ಲಿದ್ದರು. ಈ ಕರಾವಳಿಯ ಶೇಖರು ಗುಲಾಮಗಿರಿಯನ್ನು ವಿಧ್ಯುಕ್ತವಾಗಿ ರದ್ದುಗೊಳಿಸಿದ್ದು 1963ರಲ್ಲಿ.

ಸ್ವತಂತ್ರರಾಗಿದ್ದವರನ್ನು ಸಾಲ ಹಿಡಿದಿಡುತ್ತಿತ್ತು. ದೋಣಿಯ ಯಜಮಾನನಾದ ನಾಖುದಾ ವ್ಯಾಪಾರಿಯಿಂದ ಮುಂಗಡ ಪಡೆಯುತ್ತಿದ್ದ. ಮುಳುಗುವವನು ಮನೆಯವರ ಊಟಕ್ಕೆಂದು ನಾಖುದಾನಿಂದ ಮುಂಗಡ ಪಡೆಯುತ್ತಿದ್ದ. ಋತುವಿನ ಕೊನೆಗೆ ಲೆಕ್ಕ ಹಾಕಿದಾಗ ಸಾಲ ತೀರದಿದ್ದರೆ ಮರುವರ್ಷವೂ ಅದೇ ದೋಣಿ. ಅವನು ಸತ್ತರೆ ಮಗ ಬಂದು ತೀರಿಸಬೇಕು. ಹೀಗೆ ಎತ್ತಿದ ಮುತ್ತುಗಳು ಹೆಚ್ಚಾಗಿ ಹೋಗುತ್ತಿದ್ದದ್ದು ಮುಂಬೈಗೆ. ಅಲ್ಲಿ ಅವುಗಳನ್ನು ವಿಂಗಡಿಸಿ, ತೂತು ಕೊರೆದು, ಪೋಣಿಸಿ ಜಗತ್ತಿಗೆ ಮಾರುತ್ತಿದ್ದರು.

ಇಂದು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ಕಟ್ಟಡ ಕೆಲಸದವರು ಆ ಹೊತ್ತಿನಲ್ಲಿ ಗೋಡೆಯ ನೆರಳಿನಲ್ಲಿ ಮಲಗಿರುವುದನ್ನು ನಾವು ಕಾರಿನ ಕಿಟಕಿಯಿಂದ ನೋಡುತ್ತೇವೆ. ನೂರು ವರ್ಷಗಳ ಹಿಂದೆ ಮುತ್ತಿಗಾಗಿ ಮುಳುಗುತ್ತಿದ್ದದ್ದೂ ಸರಿಸುಮಾರು ಇದೇ ಮೂರು ತಿಂಗಳು ಎಂಬುದು ನೆನಪಾಗದೆ ಇರುವುದಿಲ್ಲ.

ದುಬೈಯ ದೆಸೆ ತಿರುಗಿದ್ದು ಒಂದು ಸುಂಕವನ್ನು ಕೈಬಿಟ್ಟಾಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಖಾರಿಯ ಆಚೆ ದಡದ ಲಿಂಗೆ ಎಂಬ ಬಂದರಿನಲ್ಲಿ ಪರ್ಶಿಯಾದ ಸರ್ಕಾರ ಕಟ್ಟುನಿಟ್ಟಾಗಿ ಸುಂಕ ವಸೂಲಿ ಮಾಡತೊಡಗಿತು. ಆಗ ದುಬೈಯ ಅರಸರಾಗಿದ್ದ ಶೇಖ್ ಮಕ್ತೂಮ್ ಬಿನ್ ಹಶರ್ ತಮ್ಮಲ್ಲಿದ್ದ ಸುಂಕವನ್ನೇ ತೆಗೆದುಹಾಕಿ ವ್ಯಾಪಾರಿಗಳಿಗೆ ಖೋರಿನ ಬದಿಯಲ್ಲಿ ಜಾಗ ಕೊಟ್ಟರು. ಲಿಂಗೆಯ ವ್ಯಾಪಾರ ದೋಣಿಯೇರಿ ಈಚೆ ಬಂತು. ಬಸ್ತಕ್ ಎಂಬ ಊರಿನ ಸುತ್ತಮುತ್ತಲಿನಿಂದ ಬಂದವರು ಕಟ್ಟಿಕೊಂಡ ಕೇರಿಗೆ ಬಸ್ತಕಿಯಾ ಎಂದು ಹೆಸರಾಯಿತು. ಈಗ ಅದನ್ನು ಅಲ್ ಫಹೀದಿ ಕೇರಿ ಎನ್ನುತ್ತಾರೆ. ಅಲ್ಲಿಯ ಮನೆಗಳ ತಲೆಯ ಮೇಲೆ ಚೌಕಾಕಾರದ ಗಾಳಿಗೋಪುರಗಳಿವೆ. ಯಾವ ದಿಕ್ಕಿನಿಂದ ಗಾಳಿ ಬಂದರೂ ಹಿಡಿದು ಕೋಣೆಗೆ ಇಳಿಸುವ ಯುಕ್ತಿ ಅವುಗಳದ್ದು. 1980ರ ದಶಕದಲ್ಲಿ ಈ ಕೇರಿಯ ಅರ್ಧಭಾಗವನ್ನು ಕೆಡವಲಾಯಿತು. ಉಳಿದರ್ಧವನ್ನು ಉಳಿಸಬೇಕೆಂದು ಕೆಲವರು ಹೋರಾಡಿದರು, 1989ರಲ್ಲಿ ಬ್ರಿಟನ್ನಿನ ಯುವರಾಜ ಚಾರ್ಲ್ಸ್ ಬಂದು ನೋಡಿಹೋದರು, ಕೇರಿ ಬದುಕಿಕೊಂಡಿತು. ಅತಿಥಿಗಳ ಸಮಯ ಕಡಿಮೆಯಿದ್ದರೆ ಮಾಲನ್ನು ಬಿಟ್ಟು ಇದನ್ನು ತೋರಿಸಿರೆಂದು ನಮ್ಮ ಸಲಹೆ.

ಸುಂಕವಿಲ್ಲದ ಬಂದರಿಗೆ ಮುಂಬೈಯಿಂದ ಉಗಿಹಡಗುಗಳು ನಿಯಮಿತವಾಗಿ ಬರತೊಡಗಿದವು. ಬ್ರಿಟಿಷರು ಈ ಕರಾವಳಿಯ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದದ್ದೂ ಲಂಡನ್ನಿನಿಂದ ನೇರವಾಗಿ ಅಲ್ಲ, ಭಾರತ ಸರ್ಕಾರದ ಮೂಲಕ. 1909ರಲ್ಲಿ ದುಬೈಯಲ್ಲಿ ಅಂಚೆಕಚೇರಿ ತೆರೆದಾಗ ಅದು ಭಾರತೀಯ ಅಂಚೆಯ ಶಾಖೆಯೇ ಆಗಿತ್ತು. ಇಲ್ಲಿಂದ ಹೊರಡುವ ಕಾಗದಕ್ಕೆ ಭಾರತದ ಅಂಚೆಚೀಟಿಯನ್ನೇ ಹಚ್ಚುತ್ತಿದ್ದರು. ಮೇಲಿನ ಮುದ್ರೆ ಮಾತ್ರ ದುಬೈಯದು. 1947ರ ಅಕ್ಟೋಬರ್‌ನಿಂದ ಕೆಲವು ತಿಂಗಳು ಆ ಕಚೇರಿ ಪಾಕಿಸ್ತಾನದ ಅಂಚೆಗೆ ಸೇರಿತ್ತು, 1948ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಅಂಚೆಗೆ ಹೋಯಿತು. ದೇಶವಿಭಜನೆಯ ಪಾಲುಪಟ್ಟಿಯಲ್ಲಿ ಈ ದಡದ ಪುಟ್ಟ ಅಂಚೆಕಚೇರಿಯೂ ಇತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಹಣದ ಕಥೆ ಇನ್ನೂ ಸ್ವಾರಸ್ಯದ್ದು. ಇಲ್ಲಿ ನಡೆಯುತ್ತಿದ್ದದ್ದು ಭಾರತದ ರೂಪಾಯಿ. ಮುತ್ತಿನ ಬೆಲೆ, ಅಕ್ಕಿಯ ಬೆಲೆ, ನಾಖುದಾನ ಸಾಲ, ಎಲ್ಲವೂ ರೂಪಾಯಿಯಲ್ಲಿ. ಸ್ವಾತಂತ್ರ್ಯಾನಂತರ ಭಾರತ ಚಿನ್ನದ ಆಮದಿಗೆ ನಿರ್ಬಂಧ ಹಾಕಿದಾಗ ಈ ರೂಪಾಯಿಗೆ ಹೊಸ ಕೆಲಸವೊಂದು ಸಿಕ್ಕಿತು. ದುಬೈಯಲ್ಲಿ ಚಿನ್ನ ಕೊಳ್ಳುವುದೂ ಮಾರುವುದೂ ಅಪರಾಧವಲ್ಲ. ದೋಣಿಯಲ್ಲಿ ಹೊರಟ ಚಿನ್ನ ಭಾರತದ ಪಶ್ಚಿಮ ಕರಾವಳಿಯನ್ನು ಮುಟ್ಟಿದ ಮೇಲೆ ಅಪರಾಧ. ಮಾರಿ ಬಂದ ರೂಪಾಯಿ ನೋಟುಗಳು ಅದೇ ದೋಣಿಯಲ್ಲಿ ಇಲ್ಲಿಗೆ ಮರಳಿ, ಇಲ್ಲಿಯ ಬ್ಯಾಂಕುಗಳ ಮೂಲಕ ಭಾರತೀಯ ರಿಸರ್ವ್ ಬ್ಯಾಂಕಿಗೆ ಹೋಗಿ ಪೌಂಡುಗಳಾಗಿ ಬದಲಾಗುತ್ತಿದ್ದವು. ಭಾರತದ ವಿದೇಶಿ ವಿನಿಮಯ ಹೀಗೆ ಸೋರುವುದನ್ನು ತಡೆಯಲು ರಿಸರ್ವ್ ಬ್ಯಾಂಕು 1959ರಲ್ಲಿ ಗಲ್ಫಿಗಾಗಿಯೇ ಪ್ರತ್ಯೇಕ ನೋಟುಗಳನ್ನು ಅಚ್ಚುಹಾಕಿತು. ವಿನ್ಯಾಸ ಅದೇ, ಬಣ್ಣ ಬೇರೆ, ಕ್ರಮಸಂಖ್ಯೆಯ ಮುಂದೆ ಝಡ್ ಅಕ್ಷರ. ಭಾರತದೊಳಗೆ ಈ ನೋಟು ನಡೆಯದು.

1966ರ ಜೂನ್ 6ರಂದು ಭಾರತ ರೂಪಾಯಿಯ ಮೌಲ್ಯವನ್ನು ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ದೆಹಲಿಯಲ್ಲಿ ಕೈಗೊಂಡ ನಿರ್ಧಾರದಿಂದ ದುಬೈಯ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ಹಣ ರಾತ್ರಿ ಬೆಳಗಾಗುವುದರೊಳಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು. ಅಲ್ಲಿಗೆ ಈ ಊರು ರೂಪಾಯಿಯ ಕೈಬಿಟ್ಟಿತು. ಮೊದಲು ಕತಾರಿನ ಜೊತೆ ಸೇರಿ ರಿಯಾಲ್, 1973ರಿಂದ ದಿರ್ಹಮ್. ಆದರೂ ಹಳೆಯ ತಲೆಮಾರಿನ ಎಮಿರಾಟಿಗಳ ಬಾಯಲ್ಲಿ ದಿರ್ಹಮ್ಮಿಗೆ ರುಬ್ಬಿಯ ಎಂಬ ಹೆಸರು ಉಳಿದಿದೆ. ದಾರಿ ಕೇಳಿದರೆ ‘ಸೀದಾ’ ಎಂದು ಕೈ ತೋರಿಸುವವರೂ ಅವರೇ.

ಇಲ್ಲಿ ನಿಂತಾಗ ಅಪ್ಪಯ್ಯನವರ ಊರಿನ ಕಡೆಗೆ ಒಮ್ಮೆ ತಿರುಗಿ ನೋಡಬೇಕೆನಿಸುತ್ತದೆ. ಕನ್ನಡ ಕರಾವಳಿಗೂ ಈ ಖಾರಿಗೂ ಇರುವ ನಂಟು ದುಬೈಗಿಂತ ಹಳೆಯದು. ಗಂಗೊಳ್ಳಿಯ ಅಳಿವೆಯಿಂದ ಒಳಗೆ ಹೋದರೆ ಬಸರೂರು ಸಿಗುತ್ತದೆ. ಅಲ್ಲಿಯ ಅಕ್ಕಿ ಹೊರ್ಮುಜ್, ಮಸ್ಕತ್ ಬಂದರುಗಳಿಗೆ ಹೋಗುತ್ತಿತ್ತು. ಖಾರಿಯ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟವೇರಿ ವಿಜಯನಗರವನ್ನು ಸೇರುತ್ತಿದ್ದವು. ಹೆರಾತಿನ ಷಾರುಖನ ರಾಯಭಾರಿ ಅಬ್ದುಲ್ ರಜಾಕ್ 1442ರಲ್ಲಿ ಹೊರ್ಮುಜ್‌ನಿಂದ ಹಡಗೇರಿ ಕಲ್ಲಿಕೋಟೆಗೆ ಬಂದು, ಮಂಗಳೂರಿನ ದಾರಿಯಾಗಿ 1443ರಲ್ಲಿ ಎರಡನೆಯ ದೇವರಾಯನ ವಿಜಯನಗರವನ್ನು ತಲುಪಿದ. ಏಳು ಸುತ್ತಿನ ಕೋಟೆಯನ್ನೂ, ಬೀದಿಯಲ್ಲಿ ರಾಜಾರೋಷವಾಗಿ ಮುತ್ತುರತ್ನ ಮಾರುವ ಅಂಗಡಿಗಳನ್ನೂ ಕಂಡು ಅವನು ಬೆರಗಾದದ್ದು ಅವನ ಬರಹದಲ್ಲಿದೆ. ಮರಳುವಾಗ ಹೊನ್ನಾವರದಲ್ಲಿ ಹಡಗು ಹತ್ತಿದ. ಮೊದಲ ಸಲ ಮಹಾನಗರವೊಂದನ್ನು ಕಂಡವನ ಬೆರಗು ಆ ಕಾಲದಲ್ಲಿ ಖಾರಿಯಿಂದ ನಮ್ಮ ಕಡೆಗೆ ಬಂದಿತ್ತು, ಈಗ ನಮ್ಮ ಕಡೆಯಿಂದ ಖಾರಿಗೆ ಬರುತ್ತಿದೆ. ಇದರಲ್ಲಿ ನಾವು ಬೀಗಬೇಕಾದದ್ದೇನೂ ಇಲ್ಲ. ಹಂಪೆಗೆ ಹೋಗಿಬಂದವರಿಗೆ ಅದರ ಮುಂದಿನ ಕಥೆಯೂ ಗೊತ್ತು.

ಮರಳಿ ದುಬೈಗೆ. ಮುತ್ತಿನ ಕಾಲ ಬಹಳ ಬೇಗ ಮುಗಿಯಿತು. ಜಪಾನಿನ ಮಿಕಿಮೊಟೊ ಕಂಡುಹಿಡಿದ ಸಾಕಣೆಯ ಮುತ್ತು ಮಾರುಕಟ್ಟೆಗೆ ಬಂತು, 1929ರಲ್ಲಿ ಜಗತ್ತಿನ ವ್ಯಾಪಾರ ಕುಸಿಯಿತು. ಸ್ವತಂತ್ರ ಭಾರತ ಆಮದು ಮುತ್ತಿನ ಮೇಲೆ ಹೇರಿದ ಭಾರಿ ತೆರಿಗೆ ಕೊನೆಯ ಪೆಟ್ಟಾಯಿತು. ನಡುವೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಕ್ಕಿ, ಸಕ್ಕರೆಗಳೂ ಅಳತೆಯ ಮೇಲೆ ಸಿಗುತ್ತಿದ್ದವು. ಆ ವರ್ಷಗಳಲ್ಲಿ ಯಾರಾದರೂ ಬಂದು ಈ ದಂಡೆಯನ್ನು ನೋಡಿದ್ದರೆ ಇಲ್ಲೊಂದು ಮಹಾನಗರವಾದೀತೆಂದು ಊಹಿಸುತ್ತಿರಲಿಲ್ಲ. ಊಹಿಸಿದ್ದರೆ ಪಕ್ಕದ ಶಾರ್ಜಾದ ಬಗ್ಗೆ ಊಹಿಸುತ್ತಿದ್ದರು. ಬ್ರಿಟಿಷರ ಪ್ರತಿನಿಧಿ ಇದ್ದದ್ದು ಅಲ್ಲಿ. 1932ರಿಂದ ವಿಮಾನಗಳು ಇಳಿಯುತ್ತಿದ್ದದ್ದೂ ಅಲ್ಲಿ. ದುಬೈಗೆ ಸಿಕ್ಕಿದ್ದು 1937ರಿಂದ ಖೋರಿನ ನೀರಿನ ಮೇಲೆಯೇ ಇಳಿಯುವ ತೇಲುವಿಮಾನಗಳು ಮಾತ್ರ.

ಆಮೇಲೆ ನಡೆದದ್ದನ್ನು ನಮ್ಮ ಕರಾವಳಿಯವರಿಗೆ ವಿವರಿಸುವುದು ಸುಲಭ. ಅಳಿವೆಯಲ್ಲಿ ಹೂಳು ತುಂಬಿದರೆ ಬಂದರು ಸಾಯುತ್ತದೆ ಎಂಬುದನ್ನು ಗಂಗೊಳ್ಳಿ, ಮಲ್ಪೆ, ಮಂಗಳೂರಿನ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1950ರ ದಶಕದಲ್ಲಿ ಶಾರ್ಜಾದ ಖೋರೂ ದುಬೈಯ ಖೋರೂ ಒಟ್ಟಿಗೇ ಹೂಳು ತುಂಬಿಕೊಳ್ಳುತ್ತಿದ್ದವು. 1958ರಲ್ಲಿ ಪಟ್ಟಕ್ಕೆ ಬಂದ ಶೇಖ್ ರಶೀದ್ ಬಿನ್ ಸಯೀದ್, ಅದಕ್ಕೆ ಮೊದಲೇ ತಂದೆಯ ಪರವಾಗಿ ಆಡಳಿತ ನಡೆಸುತ್ತಿದ್ದಾಗಿನಿಂದಲೂ, ಖೋರನ್ನು ಆಳ ಮಾಡಿಸಬೇಕೆಂದು ಹಠ ಹಿಡಿದಿದ್ದರು. ಕೈಯಲ್ಲಿ ಹಣವಿರಲಿಲ್ಲ. ಊರಿನ ವ್ಯಾಪಾರಿಗಳಿಗೆ ಸಾಲಪತ್ರ ಮಾರಿದರು, ಕುವೈತಿನ ಅರಸರಿಂದ ಸಾಲ ತಂದರು. ಬ್ರಿಟನ್ನಿನ ಹಾಲ್‌ಕ್ರೊ ಸಂಸ್ಥೆಯ ಎಂಜಿನಿಯರುಗಳ ಯೋಜನೆಯಂತೆ 1959ರಲ್ಲಿ ಆರಂಭವಾದ ಹೂಳೆತ್ತುವ ಕೆಲಸ 1961ಕ್ಕೆ ಮುಗಿಯಿತು. ಎತ್ತಿದ ಮರಳನ್ನು ದಂಡೆಗೆ ಸುರಿದು, ಹಾಗೆ ಹುಟ್ಟಿದ ಹೊಸ ನೆಲವನ್ನು ಮಾರಿದರು! ದೊಡ್ಡ ಹಡಗುಗಳು ದುಬೈಗೆ ತಿರುಗಿಕೊಂಡವು. ಶಾರ್ಜಾದ ಖೋರು ಹೂಳಿನಲ್ಲಿಯೇ ಉಳಿಯಿತು.

ಮುಂದಿನ ಇಸವಿಗಳನ್ನು ಅತಿಥಿಗಳು ಬೆರಳು ಮಡಚಿ ಎಣಿಸಲಿ. 1960ರಲ್ಲಿ ವಿಮಾನ ನಿಲ್ದಾಣ, ಅದೂ ಗಟ್ಟಿಮಾಡಿದ ಮರಳಿನ ಓಡುದಾರಿಯ ಮೇಲೆ. ಅದೇ ವರ್ಷ ಜಾನ್ ಹ್ಯಾರಿಸ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ತಯಾರಿಸಿದ ಮೊದಲ ನಗರಯೋಜನೆ. 1961ರ ಹೊತ್ತಿಗೆ ವಿದ್ಯುತ್ತು, ಕೊಳವೆಯಲ್ಲಿ ನೀರು. ಅಲ್ಲಿಯವರೆಗೆ ಬಾವಿಯ ನೀರನ್ನು ಕತ್ತೆಗಳ ಮೇಲೆ ಹೊತ್ತು ಮಾರುತ್ತಿದ್ದರು. 1963ರಲ್ಲಿ ಎರಡು ದಡಗಳನ್ನು ಜೋಡಿಸಿದ ಮಕ್ತೂಮ್ ಸೇತುವೆ. ದುಬೈಯ ಕಡಲಿನಲ್ಲಿ ಎಣ್ಣೆ ಸಿಕ್ಕಿದ್ದು ಇವೆಲ್ಲ ಆದ ಮೇಲೆ, 1966ರಲ್ಲಿ. ಮೊದಲ ಎಣ್ಣೆಹಡಗು ಹೊರಟದ್ದು 1969ರಲ್ಲಿ. ನಾವು ವರ್ಷಗಟ್ಟಲೆ ತಲೆಯಾಡಿಸಿದ ಆ ಮಾತು ತಪ್ಪಾಗುವುದು ಈ ಎಣಿಕೆಯಲ್ಲಿ. ಎಣ್ಣೆ ಬಂದದ್ದು ಆಗಲೇ ಬದುಕುವ ದಾರಿ ಕಂಡುಕೊಂಡಿದ್ದ ಬಂದರಿಗೆ. ಅಬುಧಾಬಿಯ ಎಣ್ಣೆಗೆ ಹೋಲಿಸಿದರೆ ದುಬೈಯದು ಅಲ್ಪ. ಇಂದು ಈ ಊರಿನ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ತೀರಾ ಕಡಿಮೆ.

ಎಣ್ಣೆಯ ಹಣ ಮಾಡಿದ ಕೆಲಸವನ್ನು ಅಲ್ಲಗಳೆಯುತ್ತಿಲ್ಲ. 1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಎಮಿರೇಟ್ಸ್ ಹುಟ್ಟಿದ ಬೆನ್ನಿಗೇ ರಶೀದ್ ಬಂದರು ಕೆಲಸ ಆರಂಭಿಸಿತು. 1979ರಲ್ಲಿ ರಾಣಿ ಎಲಿಜಬೆತ್ ಬಂದು ಜೆಬೆಲ್ ಅಲಿ ಬಂದರನ್ನೂ 39 ಮಹಡಿಗಳ ವಿಶ್ವ ವಾಣಿಜ್ಯ ಕೇಂದ್ರವನ್ನೂ ಉದ್ಘಾಟಿಸಿದರು. 1985ರ ಅಕ್ಟೋಬರ್‌ನಲ್ಲಿ ಆರಂಭವಾದ ಎಮಿರೇಟ್ಸ್ ವಿಮಾನಸಂಸ್ಥೆ ಮೊದಲು ಹಾರಿದ್ದು ಕರಾಚಿಗೆ, ಅದರ ಹಿಂದೆಯೇ ಮುಂಬೈಗೆ. ಮಂಜಿಗಳು ಹೋಗುತ್ತಿದ್ದ ದಾರಿಯನ್ನೇ ಅದೂ ಹಿಡಿಯಿತು. ಅನಂತರದ ಗೋಪುರಗಳ ಕಥೆ ಎಲ್ಲರಿಗೂ ತಿಳಿದದ್ದು. 2009ರಲ್ಲಿ ಸಾಲ ಕುತ್ತಿಗೆಗೆ ಬಂದಾಗ ಅಬುಧಾಬಿ 1000 ಕೋಟಿ ಡಾಲರ್ ನೆರವು ಕೊಟ್ಟಿತು. ಬುರ್ಜ್ ದುಬೈ ಎಂದು ಕಟ್ಟಿದ ಗೋಪುರ 2010ರ ಜನವರಿ 4ರಂದು ಅಬುಧಾಬಿಯ ಅರಸರ ಹೆಸರಿನಲ್ಲಿ ಬುರ್ಜ್ ಖಲೀಫಾ ಆಗಿ ತೆರೆದುಕೊಂಡಿತು. 1833ರಲ್ಲಿ ಮುನಿಸಿಕೊಂಡು ಬಂದದ್ದು ಯಾರ ಮನೆಯಿಂದ ಎಂಬುದು ನೆನಪಿದ್ದವರು ಮುಗುಳ್ನಗಬಹುದು.

ಈ ಇಸವಿಗಳ ನಡುವೆ ನಮ್ಮವರು ಬಂದರು. 1968ರ ಜನಗಣತಿಯಲ್ಲಿ ದುಬೈಯ ಜನಸಂಖ್ಯೆ ಸುಮಾರು 59 ಸಾವಿರ. ಇಂದು ಅದು 35 ಲಕ್ಷ ದಾಟಿದೆ. ಅದರಲ್ಲಿ ಈ ನೆಲದ ಪ್ರಜೆಗಳು ಹತ್ತರಲ್ಲೊಬ್ಬರಷ್ಟೇ. ಮೊದಲು ಬಂದವರು ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಮುಂಬೈಯಿಂದ, ತೆರೆದ ಅಟ್ಟದ ಮೇಲೆ ಚಾಪೆ ಹಾಸಿಕೊಂಡು ಬಂದರು. ಆ ಹಡಗುಗಳಲ್ಲೊಂದಾದ ‘ದಾರಾ’ 1961ರ ಏಪ್ರಿಲ್ 7ರಂದು ದುಬೈಯ ಹೊರಗೆ ಲಂಗರು ಹಾಕಿತ್ತು. ಬಿರುಗಾಳಿ ಎದ್ದದ್ದರಿಂದ ಕಪ್ತಾನನು ಹಡಗನ್ನು ಆಳಸಮುದ್ರಕ್ಕೆ ಒಯ್ದ. ಪ್ರಯಾಣಿಕರನ್ನು ಬೀಳ್ಕೊಡಲು ಹತ್ತಿದ್ದ ಬಂಧುಗಳೂ ಹಮಾಲರೂ ಇಳಿಯಲಾಗದೆ ಒಳಗೇ ಉಳಿದರು. 8ರ ನಸುಕಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಹಡಗಿನಲ್ಲಿದ್ದ 800ಕ್ಕೂ ಹೆಚ್ಚು ಮಂದಿಯಲ್ಲಿ 238 ಜನ ತೀರಿಕೊಂಡರು. ಯಾರೋ ಇಟ್ಟ ಸ್ಫೋಟಕವೇ ಕಾರಣವೆಂದು ವಿಚಾರಣೆ ತೀರ್ಮಾನಿಸಿತು. ದಾರಾ ಇಂದಿಗೂ ಉಮ್ ಅಲ್ ಕುವೈನ್‌ನ ಕಡಲತಳದಲ್ಲಿದೆ. ದುಬೈ ನೋಡಲು ಬಂದವರಿಗೆ ಅದನ್ನು ಯಾರೂ ಹೇಳುವುದಿಲ್ಲ.

ಮುಂಬೈಯಿಂದ ಖಾರಿಗೆ ಬರುತ್ತಿದ್ದ ಈ ಕಂಪನಿಯ ಕೊನೆಯ ಹಡಗು ‘ದ್ವಾರ್ಕಾ’ 1982ರಲ್ಲಿ ನಿಂತಿತು. ಆ ಹೊತ್ತಿಗೆ ವಿಮಾನವೇ ರೂಢಿಯಾಗಿತ್ತಾದರೂ ಮಂಗಳೂರು, ಉಡುಪಿ, ಭಟ್ಕಳದವರಿಗೆ ಮುಂಬೈ ತಪ್ಪಿರಲಿಲ್ಲ. ರಾತ್ರಿಯಿಡೀ ಬಸ್ಸು, ಮುಂಬೈಯಲ್ಲಿ ಊರಿನವರ ಖೋಲಿಯಲ್ಲಿ ವೀಸಾಕ್ಕಾಗಿ ಕಾಯುವಿಕೆ, ಆಮೇಲೆ ವಿಮಾನ. ನಮ್ಮ ಸಂಘದ ಹಿರಿಯರು ಸೇರಿದಾಗ ದುಬೈಯ ಮೊದಲ ನೆನಪೆಂದು ಹೇಳುವುದು ಗೋಪುರವನ್ನಲ್ಲ, ವಿಮಾನದ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಬಿಸಿಗಾಳಿಯನ್ನು; ಒಂದೇ ಕೋಣೆಯಲ್ಲಿ ಎಂಟು ಮಂದಿ ಸರದಿಯಲ್ಲಿ ಮಲಗಿದ್ದನ್ನು; ಮನೆಯವರು ಮಾತನಾಡಿ ಕಳುಹಿಸಿದ ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದ್ದನ್ನು. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದಾಗ ಒಂದು ತಲೆಮಾರಿನ ಮುಂಬೈಯ ಪ್ರಯಾಸ ಮೂರೂವರೆ ನಾಲ್ಕು ಗಂಟೆಗಳ ಹಾರಾಟಕ್ಕೆ ಇಳಿಯಿತು. ಅದೇ ದಾರಿಯಲ್ಲಿ 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಹೊರಟ ವಿಮಾನ ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿತ್ತು. 158 ಮಂದಿ ಹೋದರು, 8 ಮಂದಿ ಉಳಿದರು. ರಜೆಗೆಂದು, ಮದುವೆಗೆಂದು, ಉತ್ತರಕ್ರಿಯೆಗೆಂದು ಹೊರಟಿದ್ದವರು. ಆ ವಾರ ನಮ್ಮಲ್ಲಿ ಯಾವ ಮನೆಯ ಫೋನೂ ಸುಮ್ಮನಿರಲಿಲ್ಲ.

ಊರಿನಿಂದ ಬಂದವರಿಗೆ ಇವನ್ನೆಲ್ಲ ಹೇಳುವಾಗ ನಮಗೊಂದು ಕಳವಳವಿದೆ. ಈ ಊರಿನಲ್ಲಿ ದುಡಿದವರು ಇಲ್ಲಿ ಮುದುಕರಾಗುವುದು ಅಪರೂಪ. ಕೆಲಸ ಮುಗಿದರೆ ವೀಸಾ ಮುಗಿಯುತ್ತದೆ, ಪೆಟ್ಟಿಗೆ ಕಟ್ಟಿ ಊರಿಗೆ ಹೋಗುತ್ತಾರೆ. 2019ರಿಂದ ದೀರ್ಘಾವಧಿಯ ವೀಸಾಗಳು ಬಂದಿವೆಯಾದರೂ ಅವು ಎಲ್ಲರ ಕೈಗೆ ಎಟುಕುವಂಥವಲ್ಲ. ಹೀಗೆ ಪ್ರತಿ ವರ್ಷ ಇಲ್ಲಿಯ ನೆನಪು ತುಂಡುತುಂಡಾಗಿ ವಿಮಾನ ಹತ್ತಿ ಹೋಗುತ್ತಿದೆ. ಅಲ್ಲಿ, ಬೈಂದೂರಿನಲ್ಲೋ ಮೂಡಬಿದಿರೆಯಲ್ಲೋ ಜಗಲಿಯ ಮೇಲೆ ಕೂತವರಿಗೆ ‘1974ರಲ್ಲಿ ದೇರಾ ಹೇಗಿತ್ತು’ ಎಂದು ಕೇಳುವವರು ಯಾರು? ವಸ್ತುಸಂಗ್ರಹಾಲಯದಲ್ಲಿ ಮುತ್ತಿಗಾಗಿ ಮುಳುಗುವವನ ಬೊಂಬೆ ಇದೆ, ಮೂಗಿನ ಚಿಮಟವಿದೆ. ಮುಂಬೈಯ ಹಡಗಿನ ಚಾಪೆಯನ್ನು ಯಾರೂ ಎತ್ತಿಟ್ಟಿಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಳೆಯ ಟ್ರಂಕುಗಳಲ್ಲಿ ಝಡ್ ಅಕ್ಷರದ ರೂಪಾಯಿ ನೋಟು, ದುಬೈ ಮುದ್ರೆಯಿರುವ ಭಾರತದ ಅಂಚೆಚೀಟಿಯ ಲಕೋಟೆ, ಹಡಗಿನ ಟಿಕೀಟು, ಆ ಕಾಲದ ಕ್ಯಾಸೆಟ್ಟು ಏನಾದರೂ ಇದ್ದರೆ ಫೋಟೋ ತೆಗೆದು ಕಳುಹಿಸಿ. ವಸ್ತುವನ್ನು ಕಳುಹಿಸುವುದು ಬೇಡ, ಅದು ಮನೆಯಲ್ಲೇ ಇರಲಿ. ಜೊತೆಗೆ ಯಾರದು, ಯಾವ ವರ್ಷದ್ದು ಎಂದು ಎರಡು ಸಾಲು ಸಾಕು. ಈ ಚಳಿಗಾಲದಲ್ಲಿ ಬರುವ ಹಿರಿಯರಲ್ಲಿ ಹಿಂದೆ ಇಲ್ಲಿ ದುಡಿದವರಿದ್ದರೆ ಅವರನ್ನು ಮಾತನಾಡಿಸಿ ಬರೆದುಕೊಳ್ಳಲು ನಮ್ಮ ಸ್ವಯಂಸೇವಕರು ಮನೆಗೇ ಬರುತ್ತಾರೆ.

ಅಪ್ಪಯ್ಯನವರು ಊರಿಗೆ ಹೊರಡುವ ಹಿಂದಿನ ದಿನ ಇನ್ನೊಮ್ಮೆ ದಂಡೆಗೆ ಹೋಗೋಣವೆಂದರು. ಸಂಜೆ ಐದರ ಹೊತ್ತಿಗೆ ಬರ್ ದುಬೈ ಕಡೆಯಿಂದ ಅಬ್ರಾ ಹತ್ತಿದೆವು. ಆಚೆ ದಡಕ್ಕೆ ತಲೆಗೊಂದು ದಿರ್ಹಮ್. ದೋಣಿ ಸಾಗಿಸುವವನಿಗೆ ಆ ನಾಣ್ಯವನ್ನು ತಾವೇ ಕೊಡಬೇಕೆಂದು ಮಗನ ಕೈಯಿಂದ ಇಸಿದುಕೊಂಡು ಕೊಟ್ಟರು. ನಡುನೀರಿನಲ್ಲಿ ಎದುರಿನಿಂದ ಬಂದ ಮರದ ಹಡಗೊಂದು ಖೋರಿನ ಬಾಯಿಯತ್ತ ತಿರುಗುತ್ತಿತ್ತು. ಅದು ತಿರುಗಿ ಮುಗಿಯುವವರೆಗೂ ಅವರು ಕಣ್ಣು ಕೀಲಿಸಲಿಲ್ಲ. ಆಮೇಲೆ, “ಅಳಿವೆ ದಾಟೂಕೆ ಇಳಿತ ಇಪ್ಪತ್ತಿಗೆ ಹೊರಡೂಕಾಗ” ಎಂದು, ಆ ನಾಖುದಾನಿಗೆ ಕೇಳಿಸುವುದೋ ಎಂಬಂತೆ, ಸ್ವಲ್ಪ ಜೋರಾಗಿಯೇ ಹೇಳಿದರು.